ಮೈಸೂರಿನಲ್ಲಿ 5ಜಿ ಯಾವ ಬೀದಿವರೆಗೆ ಬಂತು? ಅಳೆದು ನಕ್ಷೆ ಮಾಡೋದು ಹೇಗೆ

ರಿಂಗ್‌ರೋಡ್_ಸವಾರ

ಮೈಸೂರಿನಲ್ಲಿ 5ಜಿ ಎಲ್ಲಿದೆ, ಎಲ್ಲಿಲ್ಲ ಅನ್ನೋದನ್ನ ಬೀದಿ ಲೆಕ್ಕದಲ್ಲಿ ನಕ್ಷೆ ಮಾಡಬೇಕು. ತಿಂಗಳಿಗೊಮ್ಮೆ ಹೊಸದಾಗಿ ಏನು ಸೇರಿತು ಅಂತಲೂ ಅದರಲ್ಲಿ ಗೊತ್ತಾಗಬೇಕು. ಕಂಪನಿಗಳ ಕವರೇಜ್ ನಕ್ಷೆ ತೆಗೆದರೆ ಹೂಟಗಳ್ಳಿಯಿಂದ ಆಲನಹಳ್ಳಿವರೆಗೂ ಒಂದೇ ಬಣ್ಣ ಬಳಿದಿದೆ, ಕೆಲಸಕ್ಕೆ ಬರಲ್ಲ.

ಸಲಕರಣೆ: ರೂಟ್ ಮಾಡದ (ಸಿಸ್ಟಂ ಬೀಗ ಒಡೆಯದ) ಎರಡು ಆಂಡ್ರಾಯ್ಡ್ 5ಜಿ ಫೋನ್, ಒಂದರಲ್ಲಿ ಜಿಯೊ, ಇನ್ನೊಂದರಲ್ಲಿ ಏರ್‌ಟೆಲ್, ಒಂದು ಸ್ಕೂಟರ್.

ಕೇಳಬೇಕಾಗಿದ್ದು ಇಷ್ಟು. ಒಂದು ಅಡ್ಡರಸ್ತೆಯಲ್ಲಿ 5ಜಿ ಐಕಾನ್ ಇದ್ದೂ 12 ಎಂಬಿಪಿಎಸ್, ಮುಂದಿನ ಸರ್ಕಲ್‌ನಲ್ಲಿ 400. ಎರಡನ್ನೂ "5ಜಿ ಇದೆ" ಅಂತ ಬರೆಯೋದಾ? ಯಾವ ಆ್ಯಪ್, ಯಾವ ಯಾವ ಕಾಲಂ ಉಳಿಸಿಕೊಳ್ಳಬೇಕು? ಹೊಸ ಟವರ್ ಚಾಲೂ ಆಗಿದೆ ಅಂತ ಖಚಿತವಾಗಿ ಹೇಳೋದು ಹೇಗೆ?

ಡಿಬಿಎಂ_ಲೆಕ್ಕಿಗ

ಮೊದಲು ಐಕಾನ್ ನೋಡೋದು ಬಿಡಿ. ಏರ್‌ಟೆಲ್ 2022ರ ಅಕ್ಟೋಬರ್‌ನಲ್ಲಿ 5ಜಿ ಶುರುಮಾಡಿದ್ದು ಎನ್‌ಎಸ್‌ಎ ಪದ್ಧತಿಯಲ್ಲಿ. ಇದರಲ್ಲಿ ಫೋನ್ ಮೊದಲು 4ಜಿ ಸೆಲ್ (ಟವರ್‌ನಿಂದ ಒಂದು ದಿಕ್ಕಿಗೆ ಹೋಗೋ ಪ್ರಸಾರ) ಹಿಡಿಯಬೇಕು, ಆಮೇಲೆ ಆ ಸೆಲ್ ಹೇಳಿದರೆ ಮಾತ್ರ 5ಜಿ ಜೊತೆಗೆ ಸೇರುತ್ತೆ. "ನನ್ನ ಜೊತೆ 5ಜಿ ಸೇರಿಸೋ ಸೌಲಭ್ಯ ಉಂಟು" ಅಂತ 4ಜಿ ಸೆಲ್ ಒಂದು ಸೂಚನೆ ಬಿತ್ತರಿಸುತ್ತಿರುತ್ತೆ. ಎಷ್ಟೋ ಫೋನ್‌ಗಳು ಅಷ್ಟು ಕೇಳಿದ ತಕ್ಷಣ ಐಕಾನ್ ಹಾಕಿಬಿಡುತ್ತವೆ. ಪಕ್ಕದ ಮನೆಯಲ್ಲಿ ಒಗ್ಗರಣೆ ವಾಸನೆ ಬಂದರೆ ನಮ್ಮ ಹೊಟ್ಟೆ ತುಂಬಲ್ಲವಲ್ಲ, ಹಾಗೆ. ನಿಮ್ಮ 12 ಎಂಬಿಪಿಎಸ್ ಈ ಜಾತಿಯದಿರಬಹುದು.

ಜಿಯೊ ಮೊದಲಿಂದಲೂ ಎಸ್‌ಎ, ಅಂದರೆ ತಾನೇ ಸ್ವತಂತ್ರವಾಗಿ ನಿಲ್ಲೋ 5ಜಿ. 4ಜಿಯ ಊರುಗೋಲು ಬೇಡ, ಐಕಾನ್ ಬಂದರೆ ಫೋನ್ 5ಜಿ ಸೆಲ್‌ನಲ್ಲೇ ಕೂತಿದೆ ಅಂತ ಅರ್ಥ. ಆದರೆ ಯಾವ ಬ್ಯಾಂಡ್‌ನಲ್ಲಿ (ರೇಡಿಯೊ ಆವರ್ತನದ ಪಟ್ಟಿಯಲ್ಲಿ) ಕೂತಿದೆ ಅನ್ನೋದು ಬೇರೆ ಪ್ರಶ್ನೆ. 2022ರ ಹರಾಜಿನಲ್ಲಿ ಜಿಯೊ, ಏರ್‌ಟೆಲ್ ಎರಡೂ 3300 ಮೆಗಾಹರ್ಟ್ಸ್ ಬ್ಯಾಂಡ್‌ನಲ್ಲಿ 100 ಮೆಗಾಹರ್ಟ್ಸ್ ಕೊಂಡವು. 700 ಬ್ಯಾಂಡ್‌ನಲ್ಲಿ ಕೊಂಡಿದ್ದು ಜಿಯೊ ಮಾತ್ರ, 10 ಮೆಗಾಹರ್ಟ್ಸ್ ಜೋಡಿ (ಕಳಿಸೋಕೆ 10, ಪಡೆಯೋಕೆ 10). ಫೋನ್ ಭಾಷೆಯಲ್ಲಿ ಮೊದಲನೆಯದು ಎನ್78, ಎರಡನೆಯದು ಎನ್28. ಎನ್28 ಗೋಡೆ ದಾಟುತ್ತೆ, ದೂರ ಹೋಗುತ್ತೆ, ಆದರೆ 10 ಮೆಗಾಹರ್ಟ್ಸ್‌ನಲ್ಲಿ ಎಲ್ಲ ಅನುಕೂಲ ಇದ್ದರೂ 100 ಎಂಬಿಪಿಎಸ್ ಆಸುಪಾಸಿಗೆ ನಿಂತುಬಿಡುತ್ತೆ. ಎನ್78 ನೂರಾರು ಎಂಬಿಪಿಎಸ್ ಕೊಡುತ್ತೆ, ಎರಡು ಆರ್‌ಸಿಸಿ ಗೋಡೆ ಅಡ್ಡ ಬಂದರೆ ಕೈ ಕೊಡುತ್ತೆ. ಹಾಗಾಗಿ "5ಜಿ ಇದೆ / ಇಲ್ಲ" ಅಂತ ಎರಡೇ ಬಣ್ಣದ ನಕ್ಷೆ ಮಾಡಬೇಡಿ. ಎನ್78, ಬರೀ ಎನ್28, ಹೋಗಿ ನೋಡಿದರೂ ಸಿಗದ ಜಾಗ, ಇನ್ನೂ ಹೋಗದ ಜಾಗ, ಹೀಗೆ ನಾಲ್ಕು ಇರಲಿ. ಕೊನೆಯ ಎರಡನ್ನು ಬೆರೆಸಿದರೆ ಇಡೀ ನಕ್ಷೆ ಸುಳ್ಳಾಗುತ್ತೆ, ಎಲ್ಲರೂ ಮಾಡೋ ತಪ್ಪು ಇದೇ.

ಪ್ರತಿ ಸಾಲಿಗೂ ಬೇಕಾದ ಕಾಲಂ: ಸಮಯ, ಅಕ್ಷಾಂಶ, ರೇಖಾಂಶ, ಜಿಪಿಎಸ್ ನಿಖರತೆ ಎಷ್ಟು ಮೀಟರ್, ನೆಟ್‌ವರ್ಕ್ ಸಂಕೇತ, 4ಜಿ ಸೆಲ್ ಐಡಿ, ಎನ್‌ಆರ್ (ಅಂದರೆ 5ಜಿ) ಎಆರ್‌ಎಫ್‌ಸಿಎನ್ (ಆವರ್ತನ ಹೇಳೋ ಸಂಖ್ಯೆ), ಪಿಸಿಐ (ಸೆಲ್‌ನ ಚಿಕ್ಕ ಗುರುತು ಸಂಖ್ಯೆ), ಎಸ್‌ಎಸ್-ಆರ್‌ಎಸ್‌ಆರ್‌ಪಿ (ಸಿಗ್ನಲ್ ಬಲ, ಡಿಬಿಎಂನಲ್ಲಿ, ಸೊನ್ನೆಗೆ ಹತ್ತಿರವಾದಷ್ಟೂ ಬಲ ಹೆಚ್ಚು), ಎಸ್‌ಎಸ್-ಸಿನರ್ (ಗದ್ದಲದ ಎದುರು ಸಿಗ್ನಲ್ ಎಷ್ಟು ಸ್ಪಷ್ಟ ಅನ್ನೋ ಅಂಕಿ). ಕರ್ನಾಟಕ ಟೆಲಿಕಾಂ ಸರ್ಕಲ್‌ನ ನೆಟ್‌ವರ್ಕ್ ಸಂಕೇತಗಳು: ಜಿಯೊ 405-861, ಏರ್‌ಟೆಲ್ 404-45, ವಿ 404-86, ಬಿಎಸ್‌ಎನ್‌ಎಲ್ 404-71. ಎರಡು ಸಿಮ್ ಇರೋ ಫೋನಿನಲ್ಲಿ ಈ ಕಾಲಂ ಇಲ್ಲದಿದ್ದರೆ ಯಾವ ಸಾಲು ಯಾರದು ಅಂತ ಆಮೇಲೆ ಬಿಡಿಸೋಕೆ ಆಗಲ್ಲ. ಒಂದು ಫೋನಿಗೆ ಒಂದೇ ಸಿಮ್ ಹಾಕಿದರೆ ತಲೆನೋವೇ ಇಲ್ಲ.

ಎಆರ್‌ಎಫ್‌ಸಿಎನ್‌ನಿಂದ ಬ್ಯಾಂಡ್ ಗೊತ್ತಾಗುತ್ತೆ. 151600ರಿಂದ 160600ರ ಒಳಗಿದ್ದರೆ ಎನ್28. 620000ಕ್ಕಿಂತ ಮೇಲೆ, 653333ರ ಒಳಗೆ ಇದ್ದರೆ ಎನ್78. ಮೆಗಾಹರ್ಟ್ಸ್ ಬೇಕಿದ್ದರೆ ಎನ್28ಕ್ಕೆ ಸಂಖ್ಯೆಯನ್ನು 0.005ರಿಂದ ಗುಣಿಸಿ. ಎನ್78ಕ್ಕೆ 600000 ಕಳೆದು, 0.015ರಿಂದ ಗುಣಿಸಿ, 3000 ಕೂಡಿಸಿ. ಉದಾಹರಣೆಗೆ 630048 ಬಂದರೆ 30048 × 0.015 = 450.72, ಅಂದರೆ 3450.72 ಮೆಗಾಹರ್ಟ್ಸ್. ಇದು ಫೋನ್ ಅಳೆಯೋ ಗುರುತು ಸಂಕೇತದ ಜಾಗ, 100 ಮೆಗಾಹರ್ಟ್ಸ್ ಪಟ್ಟಿಯ ನಟ್ಟನಡುವೆ ಅಂತ ತಿಳಿಯಬೇಡಿ.

ಆ್ಯಪ್ ವಿಚಾರ: ಸುಮ್ಮನೆ ನೋಡೋಕೆ ನೆಟ್‌ಮಾನ್‌ಸ್ಟರ್ ಸಾಕು. ಫೈಲ್ ಆಗಿ ಉಳಿಸೋಕೆ ಜಿ-ನೆಟ್‌ಟ್ರ್ಯಾಕ್ ಪ್ರೊ, ಇದಕ್ಕೆ ದುಡ್ಡು ಕೊಡಬೇಕು. ಎಲ್ಲರ ಜೊತೆ ಹಂಚಿಕೊಳ್ಳೋ ನಕ್ಷೆಗೆ ಸೆಲ್‌ಮ್ಯಾಪರ್. ಲೊಕೇಶನ್ ಆನ್ ಇಟ್ಟು, ಆ್ಯಪ್‌ಗೆ ನಿಖರ ಲೊಕೇಶನ್ ಅನುಮತಿ ಕೊಟ್ಟು, ಬ್ಯಾಟರಿ ನಿರ್ಬಂಧ ತೆಗೆಯಿರಿ. ಇಲ್ಲದಿದ್ದರೆ ಸ್ಕ್ರೀನ್ ಆಫ್ ಆದ ಮೇಲೆ ಆಂಡ್ರಾಯ್ಡ್ ಹಳೇ ಅಂಕಿಯನ್ನೇ ತಿರುಗಿ ತಿರುಗಿ ಕೊಡುತ್ತೆ. ಒಂದು ಕಿಲೋಮೀಟರ್ ಉದ್ದಕ್ಕೂ ಮೈನಸ್ 87 ಅಂತ ಕದಲದೆ ನಿಂತಿದ್ದರೆ ಅದು ಒಳ್ಳೇ ಸಿಗ್ನಲ್ ಅಲ್ಲ, ಸತ್ತ ಲಾಗ್.

ಒಂಟಿಕೊಪ್ಪಲ್_ವೈಫೈ

ಇಷ್ಟೆಲ್ಲ ಯಾಕೆ ಗುರೂ? ಸರ್ಕಲ್ ಸರ್ಕಲ್‌ಗೆ ನಿಂತು ಸ್ಪೀಡ್‌ಟೆಸ್ಟ್ ಹಾಕಿ, 100 ದಾಟಿದರೆ 5ಜಿ, ಇಲ್ಲದಿದ್ದರೆ ಇಲ್ಲ. ಜನಕ್ಕೆ ಬೇಕಾಗಿರೋದೂ ಅಷ್ಟೇ.

ಡಿಬಿಎಂ_ಲೆಕ್ಕಿಗ

ಜನಕ್ಕೆ ಬೇಕಾಗಿರೋದು ವೇಗ, ಒಪ್ಪಿದೆ. ಆದರೆ ಇಲ್ಲಿ ಕೇಳಿರೋದು ಟವರ್ ಬಂತಾ ಇಲ್ಲವಾ ಅಂತ. ಸಂಜೆ 8ಕ್ಕೆ ದೇವರಾಜ ಅರಸು ರಸ್ತೆಯಲ್ಲಿ ಎನ್78 ಸಿಗ್ನಲ್ ಚೆನ್ನಾಗಿದ್ದೂ 60 ಬರಬಹುದು, ಆ ಸೆಲ್ ತುಂಬಿರುತ್ತೆ. ಬೆಳಿಗ್ಗೆ 6ಕ್ಕೆ ಅದೇ ಜಾಗದಲ್ಲಿ 500. ನಿಮ್ಮ ಲೆಕ್ಕದಲ್ಲಿ ರಾತ್ರಿ ಟವರ್ ಕಿತ್ತು, ಬೆಳಿಗ್ಗೆ ಮತ್ತೆ ನೆಟ್ಟ ಹಾಗಾಯ್ತು. ಉಲ್ಟಾನೂ ಆಗುತ್ತೆ: ಹಲವು ಬ್ಯಾಂಡ್ ಒಟ್ಟುಗೂಡಿಸಿದ ಬರೀ 4ಜಿಯೇ ಖಾಲಿ ಹೊತ್ತಿನಲ್ಲಿ 100 ದಾಟುತ್ತೆ.

ಖರ್ಚೂ ನೋಡಿ. 400 ಎಂಬಿಪಿಎಸ್‌ನಲ್ಲಿ 10 ಸೆಕೆಂಡ್ ಅಂದರೆ 500 ಎಂಬಿ. 50 ಜಾಗಕ್ಕೆ 25 ಜಿಬಿ. ದಿನಕ್ಕೆ 2 ಜಿಬಿ ಅಥವಾ ಹೆಚ್ಚಿನ ಪ್ಲಾನ್ ಇದ್ದರೆ 5ಜಿ ಅನಿಯಮಿತ ಅಂತ ಧೈರ್ಯವಾಗಿ ಹೊರಡುತ್ತಾರೆ. ನಡುವೆ ಫೋನ್ 4ಜಿಗೆ ಇಳಿದಾಗ ಅದೇ ಟೆಸ್ಟ್ ದಿನದ ಕೋಟಾ ತಿನ್ನುತ್ತೆ. ಕೋಟಾ ಮುಗಿದ ಮೇಲೆ 4ಜಿ 64 ಕೆಬಿಪಿಎಸ್‌ಗೆ ಇಳಿಯುತ್ತೆ, ಆ ಮೇಲೆ ನೀವು ಹೋದ ಪ್ರತಿ 4ಜಿ ಜಾಗವೂ "ನೆಟ್‌ವರ್ಕೇ ಇಲ್ಲ" ಅಂತ ದಾಖಲಾಗುತ್ತೆ.

ಸ್ಪೀಡ್‌ಟೆಸ್ಟ್ ಬೇಡ ಅಂತಲ್ಲ. ಪ್ರತಿ ಬಡಾವಣೆಗೆ ಒಂದೋ ಎರಡೋ ಜಾಗ ಗೊತ್ತುಮಾಡಿ, ಪ್ರತಿ ತಿಂಗಳೂ ಅದೇ ಜಾಗ, ಅದೇ ಹೊತ್ತು, ಕೈಯಾರೆ ಆರಿಸಿದ ಅದೇ ಸರ್ವರ್. ಸರ್ವರ್ ತಾನೇ ಆರಿಸಿಕೊಳ್ಳಲಿ ಅಂತ ಬಿಟ್ಟರೆ ಒಮ್ಮೆ ಬೆಂಗಳೂರು, ಒಮ್ಮೆ ಚೆನ್ನೈ ಬರುತ್ತೆ, ಹೋಲಿಕೆ ಕೆಡುತ್ತೆ. ಆರ್‌ಎಸ್‌ಆರ್‌ಪಿ ಮೈನಸ್ 75, ಸಿನರ್ 20ರ ಮೇಲೆ, ಹೊತ್ತು ಬೆಳಿಗ್ಗೆ 6, ಆದರೂ 40 ಎಂಬಿಪಿಎಸ್ ದಾಟುತ್ತಿಲ್ಲ ಅಂದರೆ ಗಾಳಿಯಲ್ಲಿ ದೋಷ ಇಲ್ಲ. ಟವರ್‌ನಿಂದ ಹಿಂದಕ್ಕೆ ಹೋಗೋ ಕೊಂಡಿ ಸಣ್ಣದಿದೆ, ಬಹುಶಃ ಫೈಬರ್ ಇನ್ನೂ ಬಂದಿಲ್ಲ, ಮೈಕ್ರೋವೇವ್ ಡಿಶ್ ಮೇಲೆ ಓಡುತ್ತಿದೆ. ಹೊಸ ಟವರ್‌ಗಳಲ್ಲಿ ಇದು ಮಾಮೂಲು. ಇದನ್ನು ಬೇರೆ ಕಾಲಂನಲ್ಲಿ ಬರೆಯಿರಿ.

ಸ್ಕೂಟರ್_ಸರ್ವೆ

ಓಡಾಟದ ಭಾಗ ನಾನು ಸೇರಿಸ್ತೀನಿ, ಲಾಗ್ ಕೆಡೋದು ಹೆಚ್ಚಾಗಿ ಇಲ್ಲೇ.

ಎನ್‌ಎಸ್‌ಎ ಸಿಮ್‌ನಲ್ಲಿ ಡೇಟಾ ಹರಿಯದಿದ್ದರೆ ನೆಟ್‌ವರ್ಕ್ 5ಜಿಯನ್ನು ಬಿಡಿಸಿಬಿಡುತ್ತೆ. ಫೋನ್ ಸುಮ್ಮನೆ ಜೇಬಲ್ಲಿಟ್ಟು ಊರೆಲ್ಲ ಸುತ್ತಿದರೆ ಲಾಗ್ ತುಂಬ 4ಜಿ. 480ಪಿ ವಿಡಿಯೊ ಒಂದು ಓಡುತ್ತಿರಲಿ, ಗಂಟೆಗೆ ಅರ್ಧ ಜಿಬಿ ಆಸುಪಾಸು. ವಿಡಿಯೊ ಮುಂದಿನದನ್ನು ಮೊದಲೇ ತುಂಬಿಸಿಕೊಂಡು ಸುಮ್ಮನಾಗುತ್ತೆ, ಅದಕ್ಕೆ ಜೊತೆಗೆ ಸೆಕೆಂಡಿಗೊಂದು ಪಿಂಗ್ (ಉತ್ತರ ಕೇಳೋ ಪುಟ್ಟ ಸಂದೇಶ) ಹಾಕಿಟ್ಟರೆ ಇನ್ನೂ ಒಳ್ಳೇದು. ಜಿಯೊಗೆ ಇದರ ಹಂಗಿಲ್ಲ.

ವೇಗ ಗಂಟೆಗೆ 40 ಕಿ.ಮೀ. ಅಂದರೆ ಸೆಕೆಂಡಿಗೆ 11 ಮೀಟರ್. 2 ಸೆಕೆಂಡಿಗೊಂದು ಸಾಲು ಬಿದ್ದರೆ 22 ಮೀಟರಿಗೊಂದು ಬಿಂದು. ರಿಂಗ್ ರೋಡಿಗೆ ಇದು ಧಾರಾಳ. ಅಗ್ರಹಾರದ ಒಳಬೀದಿಗಳಲ್ಲಿ 20ರ ಮೇಲೆ ಹೋಗಬೇಡಿ, ಅಥವಾ ನಡೆದುಬಿಡಿ.

ಫೋನ್ ಎಲ್ಲಿಡಬೇಕು? ಹ್ಯಾಂಡಲ್ ಹೋಲ್ಡರ್ ಬೇಡ, ಆ ನಡುಕಕ್ಕೆ ಕ್ಯಾಮೆರಾದ ಸ್ಥಿರೀಕರಣ ಹಾಳಾಗುತ್ತೆ. ಪ್ಯಾಂಟ್ ಜೇಬೂ ಬೇಡ, ಮೈಯೇ ಹಲವು ಡಿಬಿ (ಡೆಸಿಬಲ್) ಸಿಗ್ನಲ್ ನುಂಗುತ್ತೆ. ಬೆನ್ನಿಗೆ ಹಾಕೋ ಬ್ಯಾಗಿನ ಮೇಲಿನ ಜೇಬು ಸರಿ, ಸ್ಟೀಲ್ ನೀರಿನ ಬಾಟಲಿ ಪಕ್ಕದಲ್ಲಿ ಬೇಡ. ಎಲ್ಲಿಟ್ಟರೂ ಸರಿ, ಪ್ರತಿ ಸಲ ಅಲ್ಲೇ ಇಡಿ. ಎರಡು ಫೋನ್ ಬೇರೆ ಬೇರೆ ಮಾಡೆಲ್ ಆಗಿದ್ದರೆ ಇಬ್ಬರ ಸಿಮ್ ಅದಲು ಬದಲು ಮಾಡಿ ಒಂದೇ ರಸ್ತೆ ಎರಡು ಸಲ ಓಡಿಸಿ ನೋಡಿ. ಆಂಟೆನಾ ವ್ಯತ್ಯಾಸವನ್ನೇ ಕಂಪನಿ ವ್ಯತ್ಯಾಸ ಅಂದುಕೊಂಡುಬಿಡೋದು ಬಹಳ ಸುಲಭ.

ಬಿಸಿ: ಏಪ್ರಿಲ್ ಮಧ್ಯಾಹ್ನ ಸ್ಕ್ರೀನ್ ಆನ್, ಜಿಪಿಎಸ್ ಆನ್, 5ಜಿ ಆನ್. ಫೋನ್ ಕಾದರೆ ಬಹಳ ಮಾಡೆಲ್‌ಗಳು ಹೇಳದೆ ಕೇಳದೆ 5ಜಿ ಬಿಟ್ಟು 4ಜಿಗೆ ಇಳಿಯುತ್ತವೆ. ಲಾಗ್‌ನಲ್ಲಿ ಬೋಗಾದಿ ರಸ್ತೆಯ ದ್ವಿತೀಯಾರ್ಧ ಪೂರ್ತಿ 4ಜಿ ಅಂತ ಬಂದರೆ ಟವರ್ ಬೈಯೋ ಮೊದಲು ಬ್ಯಾಟರಿ ತಾಪಮಾನ ನೋಡಿ. ಬ್ಯಾಟರಿ ಸೇವರ್ ಕೂಡ 5ಜಿ ಕತ್ತರಿಸುತ್ತೆ. ಬೆಳಿಗ್ಗೆ 6ರಿಂದ 9ರ ಒಳಗೆ ಮುಗಿಸೋದು ವಾಸಿ.

ಜಿಪಿಎಸ್ ನಿಖರತೆ 30 ಮೀಟರಿಗಿಂತ ಕೆಟ್ಟದಿದ್ದರೆ ಸಾಲು ಅಳಿಸಿ. ಉಳಿದಿದ್ದನ್ನು ಕ್ಯೂಜಿಐಎಸ್ ಅನ್ನೋ ನಕ್ಷೆ ತಂತ್ರಾಂಶದಲ್ಲಿ 100 ಅಥವಾ 150 ಮೀಟರ್ ಚೌಕ ಮಾಡಿ ತುಂಬಿಸಿ. ಒಂದು ಚೌಕಕ್ಕೆ ಕನಿಷ್ಠ 5 ಸಾಲು ಇದ್ದರಷ್ಟೇ ಬಣ್ಣ. ಸರಾಸರಿ ಬದಲು ಮಧ್ಯಾಂಕ (ಸಾಲಾಗಿ ಜೋಡಿಸಿದಾಗ ನಡುವೆ ಬರೋ ಅಂಕಿ) ತೆಗೆಯಿರಿ.

ಇನ್ನೊಂದು, ದಸರಾ ವಾರದ ಲಾಗ್ ಪ್ರತ್ಯೇಕ ಇಡಿ. ಅರಮನೆಯಿಂದ ಬನ್ನಿಮಂಟಪದವರೆಗಿನ ದಾರಿಯಂಥ ಜನ ಸೇರೋ ಕಡೆ ಗಾಡಿ ಮೇಲಿನ ತಾತ್ಕಾಲಿಕ ಟವರ್ ತಂದು ನಿಲ್ಲಿಸೋದುಂಟು. ಹೊಸ ಟವರ್ ಸಿಕ್ಕಿತು ಅಂತ ನಕ್ಷೆಗೆ ಹಾಕಿದರೆ ದೀಪಾವಳಿ ಹೊತ್ತಿಗೆ ಮಾಯ.

ರಿಂಗ್‌ರೋಡ್_ಸವಾರ

ಬಹಳ ಉಪಕಾರ. ಒಂದು ಸುತ್ತು ಓಡಿಸಿ ನೋಡಿದೆ. ಮೂರು ಗೊಂದಲ:

ಏರ್‌ಟೆಲ್ ಫೈಲಿನಲ್ಲಿ 5ಜಿ ಸಾಲುಗಳ ಎನ್‌ಸಿಐ (5ಜಿ ಸೆಲ್ ಐಡಿ) ಕಾಲಂನಲ್ಲಿ 9223372036854775807 ಅಂತ ಇದೆ. ಕೆಲವು ಸಾಲಲ್ಲಿ ಆರ್‌ಎಸ್‌ಆರ್‌ಪಿ 2147483647. ಇದೇನು?

ಒಂದೇ ಪಿಸಿಐ ಶ್ರೀರಾಂಪುರದಲ್ಲೂ ಮೇಟಗಳ್ಳಿಯಲ್ಲೂ ಕಾಣ್ತಿದೆ. ಒಂದೇ ಟವರ್ ಅಷ್ಟು ದೂರ ಹೊಡೆಯುತ್ತಾ?

ಜಿಯೊ ಸೆಲ್ ಐಡಿಯಿಂದ ಟವರ್ ಸಂಖ್ಯೆ ಬಿಡಿಸೋದು ಹೇಗೆ?

ಸೆಲ್‌ಐಡಿ_ಶಾನುಭೋಗ

ಮೊದಲನೆಯದು: ಅವು ಅಳತೆಗಳೇ ಅಲ್ಲ. "ಈ ಅಂಕಿ ನನ್ನ ಹತ್ತಿರ ಇಲ್ಲ" ಅನ್ನೋದನ್ನ ಆಂಡ್ರಾಯ್ಡ್ ಹೇಳೋ ರೀತಿ. ಖಾಲಿ ಬಿಡೋ ಬದಲು ಆ ಜಾಗದಲ್ಲಿ ಹಿಡಿಸೋ ಅತಿ ದೊಡ್ಡ ಸಂಖ್ಯೆ ತುಂಬುತ್ತೆ. 4ಜಿ ಸೆಲ್ ಐಡಿಯಲ್ಲಿ 268435455 ಬಂದರೂ ಅದೇ ಕಥೆ. ಲೆಕ್ಕಕ್ಕೆ ಮುಂಚೆ ಎಲ್ಲ ಅಳಿಸಿ, ಒಂದು ಉಳಿದರೂ ಸರಾಸರಿ ಪೂರ್ತಿ ಕೆಡುತ್ತೆ. ಎನ್‌ಎಸ್‌ಎಯಲ್ಲಿ ಎನ್‌ಸಿಐ ಬಾರದಿರೋದು ಸಹಜ, ಯಾಕೆಂದರೆ ಅಲ್ಲಿ ಫೋನಿಗೆ ಗುರುತು ಕೊಡೋದು 4ಜಿ ಸೆಲ್ಲು. 5ಜಿ ಕಡೆಯಿಂದ ಪಿಸಿಐ, ಎಆರ್‌ಎಫ್‌ಸಿಎನ್ ಇಷ್ಟೇ ಸಿಗೋದು. ಹಾಗಾಗಿ ಏರ್‌ಟೆಲ್‌ನ ಎನ್‌ಎಸ್‌ಎ ಸಾಲುಗಳಿಗೆ ಆಧಾರದ 4ಜಿ ಸೆಲ್ ಐಡಿ, ಎನ್‌ಆರ್ ಎಆರ್‌ಎಫ್‌ಸಿಎನ್, ಪಿಸಿಐ ಮೂರನ್ನೂ ಸೇರಿಸಿ ಒಂದು ಗುರುತು ಮಾಡಿಕೊಳ್ಳಿ. ಏರ್‌ಟೆಲ್ ಎಸ್‌ಎಯನ್ನೂ ಸೇರಿಸಿಕೊಳ್ಳುತ್ತಿರೋದರಿಂದ ಮುಂದೆ ಕೆಲವು ಸಾಲಲ್ಲಿ ನಿಜವಾದ ಎನ್‌ಸಿಐ ಬಂದರೆ ಗಾಬರಿ ಬೇಡ.

4ಜಿ ಐಡಿ ಬಿಡಿಸೋದು ಸುಲಭ, 256ರಿಂದ ಭಾಗಿಸಿ. 2345731 ÷ 256: ಭಾಗಲಬ್ಧ 9163 ಟವರ್ ಸಂಖ್ಯೆ, ಶೇಷ 3 ಸೆಲ್ ಸಂಖ್ಯೆ.

5ಜಿ ಎನ್‌ಸಿಐ 36 ಬಿಟ್. ಅದರಲ್ಲಿ ಟವರ್ ಪಾಲು 22ರಿಂದ 32 ಬಿಟ್‌ವರೆಗೆ ಎಷ್ಟು ಬೇಕಾದರೂ ಇರಬಹುದು, ಅದು ಕಂಪನಿಯ ಇಷ್ಟ. ಕಂಡುಹಿಡಿಯೋ ದಾರಿ: ಒಂಟಿ ಟವರ್ ಒಂದನ್ನು ಆರಿಸಿ, ಸುತ್ತ ನಡೆದು ಮೂರೂ ದಿಕ್ಕಿನ ಎನ್‌ಸಿಐ ಬರೆದುಕೊಳ್ಳಿ. 16384, 4096, 256, 16, ಹೀಗೆ ಭಾಗಿಸುತ್ತಾ ಹೋಗಿ. ಮೂರಕ್ಕೂ ಒಂದೇ ಭಾಗಲಬ್ಧ ಬಂದು, ಪಕ್ಕದ ಬೇರೆ ಟವರ್‌ಗೆ ಬೇರೆ ಬಂದರೆ ಅದೇ ಸರಿಯಾದ ಭಾಜಕ. ಒಂದೇ ಟವರ್ ನೋಡಿ ತೀರ್ಮಾನಿಸಬೇಡಿ, ತೀರಾ ದೊಡ್ಡ ಭಾಜಕ ತೆಗೆದುಕೊಂಡರೆ ಎರಡು ಟವರ್ ಒಂದಾಗಿಬಿಡುತ್ತವೆ.

ಪಿಸಿಐ: 5ಜಿಯಲ್ಲಿ ಇರೋದೇ 1008, 0ಯಿಂದ 1007. 4ಜಿಯಲ್ಲಿ 504. ಊರಿನಲ್ಲಿ ಅದೇ ಸಂಖ್ಯೆ ಮತ್ತೆ ಮತ್ತೆ ಬಳಸಲೇಬೇಕು. ಶ್ರೀರಾಂಪುರದ 312, ಮೇಟಗಳ್ಳಿಯ 312 ಹೆಚ್ಚಾಗಿ ಬೇರೆ ಬೇರೆಯೇ. ಆದರೆ ಮೈಸೂರಿಗೆ ಒಂದು ವಿಶೇಷ ತೊಂದರೆ ಇದೆ, ಚಾಮುಂಡಿ ಬೆಟ್ಟ. ಊರಿಗಿಂತ ಅಷ್ಟು ಎತ್ತರದ ಇಳಿಜಾರಿನಲ್ಲಿ ನಿಂತ ಸೆಲ್ ನೇರ ದೃಷ್ಟಿಗೆ ಬೀಳೋ ಕಡೆಗೆಲ್ಲ ಕೇಳಿಸುತ್ತೆ, ಮಧ್ಯದ ಬಡಾವಣೆ ಬಿಟ್ಟು ದೂರದ ಮಹಡಿ ಮೇಲೆ ಕಾಣಿಸಿಕೊಳ್ಳುತ್ತೆ. ಅಂಥ ಅನುಮಾನ ಬಂದರೆ 4ಜಿ ಸೆಲ್‌ನ ಟೈಮಿಂಗ್ ಅಡ್ವಾನ್ಸ್ (ಟವರ್ ಎಷ್ಟು ದೂರ ಅಂತ ಸೂಚಿಸೋ ಅಂಕಿ) ನೋಡಿ. ಒಂದು ಹೆಜ್ಜೆಗೆ ಸುಮಾರು 78 ಮೀಟರ್. 20 ಅಂತ ತೋರಿಸಿದರೆ ಟವರ್ ಒಂದೂವರೆ ಕಿ.ಮೀ. ಆಚೆ, 60 ಅಂದರೆ ನಾಲ್ಕೂವರೆ ಕಿ.ಮೀ. ಎಲ್ಲ ಫೋನ್ ಈ ಅಂಕಿ ಕೊಡಲ್ಲ.

700ರಲ್ಲಿ ಸಿಗ್ನಲ್ ಕಂಡ ಮಾತ್ರಕ್ಕೆ 5ಜಿ ಅನ್ನಬೇಡಿ. ಬಿಎಸ್‌ಎನ್‌ಎಲ್ 4ಜಿ ಕೂಡ 700ರಲ್ಲಿದೆ. ಅದು 4ಜಿ ಸಾಲಾಗಿ, 9210ರಿಂದ 9659ರ ಒಳಗಿನ ಇಎಆರ್‌ಎಫ್‌ಸಿಎನ್ (4ಜಿಯ ಆವರ್ತನ ಸಂಖ್ಯೆ) ಜೊತೆ ಬರುತ್ತೆ.

ಸೈಟ್_ವೀಕ್ಷಕ

ಹೊಸ ಟವರ್ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ. ಮೂರು ಕಡೆಯಿಂದ ತಾಳೆ ಹಾಕಬೇಕು.

ಒಂದು, ನಿಮ್ಮದೇ ಲಾಗ್. ಕಳೆದ ತಿಂಗಳ ಗುರುತುಗಳ ಪಟ್ಟಿ, ಈ ತಿಂಗಳದ್ದು, ಎರಡರ ವ್ಯತ್ಯಾಸ. ಹೊಸ ಗುರುತು ಕನಿಷ್ಠ ಎರಡು ಬೇರೆ ದಿನ ಕಂಡು, ಅದರ ಅತಿ ಬಲವಾದ ಸಾಲು ಮೈನಸ್ 80ಕ್ಕಿಂತ ಮೇಲಿದ್ದರೆ "ಹೊಸದು" ಅನ್ನಿ. ಬರೀ ಮೈನಸ್ 110ರಲ್ಲಿ ಇಣುಕಿದ್ದನ್ನು ಸೇರಿಸಬೇಡಿ. ಕಂಪನಿಯವರು ಆಗಾಗ ಪಿಸಿಐ ಮರುಹಂಚಿಕೆ ಮಾಡುತ್ತಾರೆ. ಒಂದೇ ವಾರ ಕುವೆಂಪುನಗರದ ಹಳೇ ಪಿಸಿಐಗಳೆಲ್ಲ ಮಾಯವಾಗಿ ಅಷ್ಟೇ ಸಂಖ್ಯೆಯ ಹೊಸವು ಬಂದರೆ ಹತ್ತು ಟವರ್ ಎದ್ದಿಲ್ಲ, ಹೆಸರು ಬದಲಾಗಿದೆ ಅಷ್ಟೇ.

ಎರಡು, ದೂರಸಂಪರ್ಕ ಇಲಾಖೆಯ ತರಂಗ ಸಂಚಾರ್ ಪೋರ್ಟಲ್. ನಕ್ಷೆಯಲ್ಲಿ ಜಾಗ ಆರಿಸಿದರೆ ಸುತ್ತಲಿನ ಟವರ್, ಯಾವ ಕಂಪನಿ, ಯಾವ ತಂತ್ರಜ್ಞಾನ ಅಂತ ತೋರಿಸುತ್ತೆ. ಇದು ವಿಕಿರಣ ಮಿತಿ ಪಾಲನೆಗಾಗಿ ಇರೋ ದಾಖಲೆ. ಹಾಗಾಗಿ ಕಾಗದದಲ್ಲಿ ಇದ್ದ ದಿನವೇ ಗಾಳಿಗೆ ಬಂದಿರಬೇಕು ಅಂತಿಲ್ಲ. ದೂರಸಂಪರ್ಕ ನಿಯಂತ್ರಕ ಟ್ರಾಯ್‌ನ 2024ರ ಗುಣಮಟ್ಟ ನಿಯಮಗಳ ಪ್ರಕಾರ ಕಂಪನಿಗಳು ಕವರೇಜ್ ನಕ್ಷೆ ಪ್ರಕಟಿಸಲೇಬೇಕು, ನೀವು ನೋಡಿದ ಒಂದೇ ಬಣ್ಣದ ನಕ್ಷೆ ಅದೇ. ಮನೆಯೊಳಗೆ ಎಷ್ಟು ಸಿಗುತ್ತೆ ಅಂತ ಅದರಿಂದ ತಿಳಿಯಲ್ಲ, ಆದರೆ ಅದರಲ್ಲೇ ಖಾಲಿ ಬಿಟ್ಟ ಜಾಗ ಇದ್ದರೆ ಅಲ್ಲಿಗೆ ಸುಮ್ಮನೆ ಪೆಟ್ರೋಲ್ ಸುಡಬೇಡಿ. ಟ್ರಾಯ್ ಡ್ರೈವ್ ಟೆಸ್ಟ್ (ಗಾಡಿಯಲ್ಲಿ ಓಡಾಡಿ ನೆಟ್‌ವರ್ಕ್ ಅಳೆಯೋದು) ವರದಿ ನಿಮ್ಮ ಊರಿನದು ಬಂದಿದ್ದರೆ ಅದೇ ರಸ್ತೆ ನೀವೂ ಓಡಿಸಿ, ನಿಮ್ಮ ವಿಧಾನ ಸರಿ ಇದೆಯಾ ಗೊತ್ತಾಗುತ್ತೆ.

ಮೂರು, ಕಣ್ಣು. 4ಜಿ ಆಂಟೆನಾ ಸಾಮಾನ್ಯವಾಗಿ ಆಳುದ್ದದ ಸಪೂರ ಹಲಗೆ. ಅದರ ಬುಡದಿಂದ ಹತ್ತಾರು ಕಪ್ಪು ಕೇಬಲ್ ಇಳಿದು ಹಿಂದೆ ಇರೋ ರೇಡಿಯೊ ಪೆಟ್ಟಿಗೆಗೆ ಹೋಗುತ್ತವೆ. ಎನ್78ರ ಮ್ಯಾಸಿವ್ ಮೈಮೊ (ಒಂದರೊಳಗೆ ಹತ್ತಾರು ಪುಟ್ಟ ಆಂಟೆನಾ ಇರೋ) ಪೆಟ್ಟಿಗೆ ಮೋಟು, ಅಗಲ, ಮೀಟರಿಗಿಂತ ಕಡಿಮೆ ಎತ್ತರ. ಹಿಂಬದಿಯಲ್ಲಿ ಬಿಸಿ ಹೊರಹಾಕೋ ಅಲ್ಯೂಮಿನಿಯಂ ಏಣುಗಳು, ಕೆಳಗೆ ಬರೀ ಫೈಬರ್ ಮತ್ತು ವಿದ್ಯುತ್ ಕೇಬಲ್. ರೇಡಿಯೊ ಅದರೊಳಗೇ ಇರೋದರಿಂದ ಕೇಬಲ್ ಜಡೆ ಇರಲ್ಲ. ಆದರೆ 2300ರ 4ಜಿಗೂ ಇಂಥದೇ ಪೆಟ್ಟಿಗೆ ಬಳಸೋದುಂಟು. ಹಾಗಾಗಿ ಕಣ್ಣಿನ ಸಾಕ್ಷಿ ಒಂದೇ ಸಾಲದು, ಕೆಳಗೆ ನಿಂತು ಎಆರ್‌ಎಫ್‌ಸಿಎನ್ ನೋಡಿ. ಅದೂ ಟವರ್ ಬುಡದಲ್ಲಿ ಅಲ್ಲ, 100–150 ಮೀಟರ್ ದೂರದಲ್ಲಿ, ಪೆಟ್ಟಿಗೆಯ ಮುಖಕ್ಕೆ ಎದುರಾಗಿ. ನೇರ ಬುಡದಲ್ಲಿ ಕಿರಣ ತಲೆ ಮೇಲೆ ಹಾದುಹೋಗಿ ಪಕ್ಕದ ಟವರ್‌ನದೇ ಬಲವಾಗಿ ಕಾಣಬಹುದು.

ಪೆಟ್ಟಿಗೆ ಏರಿದೆ, ಪೋರ್ಟಲ್‌ನಲ್ಲೂ ಇದೆ, ಸಿಗ್ನಲ್ ಮಾತ್ರ ಇಲ್ಲ ಅಂದರೆ "ಬರಲಿದೆ" ಅಂತ ಐದನೇ ಬಣ್ಣ ಕೊಡಿ. ನಿಮ್ಮ ಓದುಗರು ಮೊದಲು ಹುಡುಕೋದು ಅದನ್ನೇ.

ಒಂಟಿಕೊಪ್ಪಲ್_ವೈಫೈ

ಸರಿ ಸರಿ, ಸೋತೆ. ಆ್ಯಪ್ ಹಾಕದೆ ಈಗಲೇ ಮನೆಯಲ್ಲಿ ನೋಡೋಕೆ ಏನಾದರೂ ಇದೆಯಾ?

ಡಿಬಿಎಂ_ಲೆಕ್ಕಿಗ

ಡಯಲರ್‌ನಲ್ಲಿ *#*#4636#*#* ಒತ್ತಿ, ಫೋನ್ ಮಾಹಿತಿ ಪುಟ ತೆರೆಯುತ್ತೆ. ಸ್ಯಾಮ್‌ಸಂಗ್ ಆದರೆ *#0011#. ಐಫೋನ್‌ಗೆ *3001#12345#* ಒತ್ತಿ ಕರೆ ಮಾಡಬೇಕು. ಮೊದಲನೆಯದರಲ್ಲಿ ನೆಟ್‌ವರ್ಕ್ ಪ್ರಕಾರ ಬದಲಾಯಿಸೋ ಪಟ್ಟಿಯೂ ಇರುತ್ತೆ. ಅಲ್ಲಿ "ಎನ್‌ಆರ್ ಮಾತ್ರ" ಆರಿಸಿದರೆ ಜಿಯೊ ಎಸ್‌ಎ ಮನೆಯೊಳಗೆ ಎಲ್ಲಿವರೆಗೆ ತಲುಪುತ್ತೆ ಅಂತ ಕೋಣೆ ಕೋಣೆಗೂ ಗೊತ್ತಾಗುತ್ತೆ. ಎನ್‌ಎಸ್‌ಎ ಸಿಮ್‌ನಲ್ಲಿ ಹಾಗೆ ಮಾಡಿದರೆ ನೆಟ್‌ವರ್ಕೇ ಹೋಗುತ್ತೆ. ನೋಡಿದ ಮೇಲೆ ಹಿಂದಿನಂತೆ ಇಡೋದು ಮರೆಯಬೇಡಿ, ಇಲ್ಲದಿದ್ದರೆ 5ಜಿ ಇಲ್ಲದ ಕಡೆ ಕರೆಯೂ ಬರಲ್ಲ.